ಮಕ್ಕಳ ಬಾಯಲ್ಲಿ ದೊಡ್ಡವರ ಮಾತು

ಆಗಸ್ಟ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಪ್ರೌಢಶಾಲೆಗಳಲ್ಲಿ ಒಂದು ಬಗೆಯ ಸಡಗರ ಮೊದಲಾಗುತ್ತದೆ. ಸ್ವಾತಂತ್ರ್ಯ ದಿನದ ಭಾಷಣ, ಶಿಕ್ಷಕರ ದಿನದ ಭಾಷಣ, ಪ್ರತಿಭಾ ಕಾರಂಜಿ, ಗಾಂಧಿ ಜಯಂತಿ, ಕನ್ನಡ ರಾಜ್ಯೋತ್ಸವ, ಕೊನೆಗೆ ಶಾಲಾ ವಾರ್ಷಿಕೋತ್ಸವ ಹೀಗೆ ಒಂದರ ಹಿಂದೊಂದು ಬರುತ್ತವೆ. ತಾಯಂದಿರು ಛದ್ಮವೇಷಕ್ಕೆ ಬೇಕಾದ ಪೇಟ, ಕತ್ತಿ, ಕಿರೀಟಗಳನ್ನು ಬಾಡಿಗೆಗೆ ತರಲು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ತಂದೆಯಂದಿರು ಹುಡುಕುವುದು ಬೇರೊಂದನ್ನು. ಅವರಿಗೆ ಬೇಕಾದುದು ಭಾಷಣ. ಎರಡು ಪುಟ ಮೀರದ, ಮೂರು ನಿಮಿಷದಲ್ಲಿ ಹೇಳಿ ಮುಗಿಸಬಹುದಾದ, ನಡುವೆ ಒಂದು ಸುಭಾಷಿತ, ಕೊನೆಯಲ್ಲಿ ಒಂದು ಜಯಘೋಷವಿರುವ ಸಿದ್ಧ ಭಾಷಣ. ಈ ವಾರ ನಾವು ಬರೆಯಹೊರಟಿರುವುದು ಆ ಎರಡು ಪುಟಗಳನ್ನು ಕುರಿತು.

ಮೊದಲಿಗೆ ಸಲ್ಲಬೇಕಾದವರಿಗೆ ಶ್ಲಾಘನೆ ಸಲ್ಲಲಿ. ಈ ಶತಮಾನದ ಆರಂಭದ ವರ್ಷಗಳಲ್ಲಿ ರಾಜ್ಯ ಶಿಕ್ಷಣ ಇಲಾಖೆ ಪ್ರತಿಭಾ ಕಾರಂಜಿಯನ್ನು ಆರಂಭಿಸಿದ್ದು ಒಂದು ಒಳ್ಳೆಯ ಕೆಲಸವೆಂಬುದನ್ನು ಅಲ್ಲಗಳೆಯಲಾಗದು. ಅದಕ್ಕೆ ಮುನ್ನ ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗೆ ವೇದಿಕೆಯೆಂಬುದು ವರ್ಷಕ್ಕೊಮ್ಮೆ, ಅದೂ ಮುಖ್ಯೋಪಾಧ್ಯಾಯರ ಆಸಕ್ತಿಯನ್ನು ಅವಲಂಬಿಸಿ ಸಿಗುವ ವಸ್ತುವಾಗಿತ್ತು. ಇಂದು ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಮಟ್ಟಕ್ಕೆ ಏರುವ ಮೆಟ್ಟಿಲುಗಳಿವೆ. ಭಾಷಣ, ಆಶುಭಾಷಣ, ಚರ್ಚೆ, ಕಂಠಪಾಠ, ಭಾವಗೀತೆ, ಜಾನಪದ ಗೀತೆ, ಚಿತ್ರಕಲೆ, ರಂಗೋಲಿ, ಗಜಲ್, ಕವ್ವಾಲಿ, ಮಿಮಿಕ್ರಿ ಎಂದು ಪಟ್ಟಿ ಉದ್ದವಿದೆ. ಕೂಲಿ ಮಾಡುವವರ ಮಗಳೂ ವೈದ್ಯರ ಮಗನೂ ಒಂದೇ ವೇದಿಕೆಯಲ್ಲಿ ನಿಲ್ಲುತ್ತಾರೆ. 2015ರಿಂದ ಕೇಂದ್ರ ಸರ್ಕಾರವೂ ಕಲಾ ಉತ್ಸವವೆಂಬ ಹೆಸರಿನಲ್ಲಿ ಪ್ರೌಢಶಾಲಾ ಮಕ್ಕಳಿಗೆ ಇಂತಹುದೇ ಒಂದು ಅವಕಾಶವನ್ನು ಕಲ್ಪಿಸಿದೆ. ಇದರಿಂದ ಮಕ್ಕಳ ಸಂಕೋಚ ಒಂದಿಷ್ಟಾದರೂ ಕಳೆದಿದೆ. ಮೈಕನ್ನು ಕಂಡು ನಡುಗುವ ಮಕ್ಕಳ ಸಂಖ್ಯೆ ಹಿಂದಿನಷ್ಟಿಲ್ಲ.

ಆದರೆ ಮೈಕಿನ ಮುಂದೆ ನಿಂತ ಮಗು ಆಡುವುದು ಯಾರ ಮಾತು?

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ಭಾಷಣ ಸ್ಪರ್ಧೆಗೆ ನಾವು ತೀರ್ಪುಗಾರರಲ್ಲಿ ಒಬ್ಬರಾಗಿ ಹೋಗಿದ್ದೆವು. ವಿಷಯ ಪರಿಸರ ಸಂರಕ್ಷಣೆ. ಹದಿನಾಲ್ಕು ಮಕ್ಕಳು ಮಾತನಾಡಿದರು. ಐವರು ಒಂದೇ ವಾಕ್ಯದಿಂದ ಆರಂಭಿಸಿದರು. ಮೂವರು ಒಂದೇ ಶ್ಲೋಕವನ್ನು ಹೇಳಿದರು, ಮೂವರೂ ಒಂದೇ ಕಡೆ ತಪ್ಪಿದರು. ಓಜೋನ್ ಪದರ ಎಲ್ಲರ ಬಾಯಲ್ಲೂ ಇತ್ತು. ಕಿಟಕಿಯಾಚೆ ಕಾಣುತ್ತಿದ್ದ ತೋಟದಲ್ಲಿ ಕಪ್ಪುತಲೆ ಹುಳು ತಿಂದು ಗರಿಗಳೆಲ್ಲ ಸುಟ್ಟಂತೆ ಒಣಗಿ ಜೋತುಬಿದ್ದಿದ್ದ ತೆಂಗಿನ ಮರಗಳು ಯಾರ ಬಾಯಲ್ಲೂ ಇರಲಿಲ್ಲ. ಒಬ್ಬ ಹುಡುಗ ನಡುವೆ ಮರೆತು ನಿಂತ. ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದ ಅವನ ತಂದೆ ತುಟಿಯಲ್ಲೇ ಮುಂದಿನ ಪದವನ್ನು ಹೇಳಿಕೊಟ್ಟರು. ಮರೆತದ್ದು ಮಗ, ನೆನಪಿದ್ದದ್ದು ತಂದೆಗೆ. ಅಲ್ಲಿಗೆ ಆ ಭಾಷಣ ಯಾರದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಅಂಕಪಟ್ಟಿಯಲ್ಲಿ ಉಚ್ಚಾರಣೆಗೆ, ಹಾವಭಾವಕ್ಕೆ, ನಿರರ್ಗಳತೆಗೆ, ಸಮಯಪಾಲನೆಗೆ ಕಲಮುಗಳಿದ್ದವು. ಮಾತು ಮಗುವಿನದೇ ಎಂಬುದಕ್ಕೆ ಕಲಮು ಇರಲಿಲ್ಲ.

ನಮ್ಮ ಧರ್ಮಕೇಂದ್ರದ ಬಾಗಿಲಿಗೂ ಪ್ರತಿವರ್ಷ ಕೆಲವು ತಂದೆತಾಯಂದಿರು ಬರುತ್ತಾರೆ. "ಫಾದರ್, ಎರಡು ಪುಟ ಬರೆದುಕೊಡಿ, ಅವನು ಉರು ಹೊಡೆದುಕೊಳ್ಳುತ್ತಾನೆ" ಎನ್ನುತ್ತಾರೆ. ಕೇಳುವುದರಲ್ಲಿ ಕಪಟವೇನೂ ಇಲ್ಲ. ಗುರುಗಳು ಓದಿದವರು, ವಾರವಾರ ಪ್ರಬೋಧನೆ ಮಾಡುವವರು, ಅವರಿಗೆ ಇದೇನು ಮಹಾ ಎಂಬ ಭಾವನೆ. ನಾವು ಬರೆದುಕೊಡುವುದಿಲ್ಲ. ಕೆಲವರಿಗೆ ಬೇಸರವಾಗುತ್ತದೆ. ಈಚೆಗೆ ಹಾಗೆ ಬರುವವರ ಸಂಖ್ಯೆಯೂ ಕಡಿಮೆಯಾಗಿದೆ. ಅದಕ್ಕೆ ಕಾರಣ ನಮ್ಮ ಹಟವಲ್ಲ, ಜೇಬಿನಲ್ಲಿರುವ ಮೊಬೈಲು. ಕೃತಕ ಬುದ್ಧಿಮತ್ತೆಗೆ ವಿಷಯವನ್ನು ತಿಳಿಸಿದರೆ ಅರೆನಿಮಿಷದಲ್ಲಿ ಭಾಷಣ ಸಿದ್ಧ. ಕನ್ನಡದಲ್ಲೂ ಸಿದ್ಧ, ಇಂಗ್ಲಿಷಿನಲ್ಲೂ ಸಿದ್ಧ. ಇದನ್ನು ಕೆಲವರು ಹೊಸ ಕೇಡೆಂದು ಬಗೆಯುತ್ತಾರೆ. ನಮಗೆ ಹಾಗೆ ತೋರದು. ಯಂತ್ರ ಬರೆದರೇನು, ಮೇಷ್ಟರು ಬರೆದರೇನು, ಮಾವ ಬರೆದರೇನು, ಮಗು ಬರೆಯಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ನಾವು ಬಹುಕಾಲದಿಂದ ಮಾಡುತ್ತ ಬಂದುದನ್ನೇ ಯಂತ್ರ ಇನ್ನಷ್ಟು ಚುರುಕಾಗಿ ಮಾಡುತ್ತಿದೆ.

ಬಹುಕಾಲ ಎಂದೆವು. ಎಷ್ಟು ಕಾಲವೆಂದರೆ, ಸುಮಾರು 1,650 ವರ್ಷಗಳ ಹಿಂದೆ ಉತ್ತರ ಆಫ್ರಿಕಾದ ಒಂದು ಶಾಲೆಯಲ್ಲಿ ಒಬ್ಬ ಬಾಲಕನಿಗೆ ಇಂತಹುದೇ ಒಂದು ಸ್ಪರ್ಧೆ ನಡೆದಿತ್ತು. ರೋಮನ್ನರ ದೇವತೆ ಜೂನೋ ಕೋಪದಿಂದಲೂ ದುಃಖದಿಂದಲೂ ಆಡಿದ ಮಾತುಗಳನ್ನು ಗದ್ಯದಲ್ಲಿ ಕಟ್ಟಿ ಅಭಿನಯಿಸಿ ಹೇಳಬೇಕು. ಚೆನ್ನಾಗಿ ಹೇಳಿದರೆ ಪ್ರಶಂಸೆ, ಹೇಳದಿದ್ದರೆ ಅವಮಾನ, ಏಟಿನ ಭಯ. ಆ ಬಾಲಕ ಗೆದ್ದ, ಚಪ್ಪಾಳೆ ಗಿಟ್ಟಿಸಿದ. ಅವನೇ ಮುಂದೆ ಸಂತ ಅಗಸ್ಟೀನರಾದರು. ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಅವರು ಆ ಚಪ್ಪಾಳೆಯನ್ನು ನೆನೆದು, ಅದೆಲ್ಲ ಹೊಗೆಯೂ ಗಾಳಿಯೂ ಅಲ್ಲದೆ ಮತ್ತೇನೆಂದು ಕೇಳುತ್ತಾರೆ. ಅವರು ಬೆಳೆದು ವಾಕ್ಚಾತುರ್ಯವನ್ನೇ ಕಲಿಸುವ ಅಧ್ಯಾಪಕರಾಗಿ ಮಿಲಾನ್ ನಗರಕ್ಕೆ ಹೋದರು. ಅಲ್ಲಿ ಚಕ್ರವರ್ತಿಯ ಸ್ತುತಿಭಾಷಣವೊಂದನ್ನು ಸಿದ್ಧಪಡಿಸಬೇಕಾಯಿತು. ಅದರಲ್ಲಿ ಸುಳ್ಳುಗಳಿರುವುದು ತಮಗೂ ಗೊತ್ತು, ಕೇಳುವವರಿಗೂ ಗೊತ್ತು, ಆದರೂ ಎಲ್ಲರೂ ಮೆಚ್ಚುವರು ಎಂಬ ಅರಿವು ಅವರನ್ನು ಒಳಗೊಳಗೇ ಕೊರೆಯಿತು. 386ರಲ್ಲಿ ಅವರು ಆ ಹುದ್ದೆಯನ್ನೇ ಬಿಟ್ಟರು. ಮಾತಿನ ಕಲೆಯನ್ನು ಮಾತ್ರ ಬಿಡಲಿಲ್ಲ. ಮುಂದೆ ಧರ್ಮಾಧ್ಯಕ್ಷರಾಗಿ ಜನರಿಗೆ ಅರ್ಥವಾಗುವಂತೆ ಮಾತನಾಡುವುದು ಹೇಗೆಂಬುದನ್ನು ಕುರಿತು ಒಂದು ಗ್ರಂಥಭಾಗವನ್ನೇ ಬರೆದರು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದನ್ನು ತೇಲಿಸಿಬಿಡುವುದು ನ್ಯಾಯವಲ್ಲ. ನಾಟಕದಲ್ಲಿ ಪಾತ್ರಧಾರಿಯೂ ಪರರ ಮಾತನ್ನೇ ಆಡುತ್ತಾನೆ. ಕಂಠಪಾಠದಲ್ಲಿ ಮಗು ಕವಿಯ ಮಾತನ್ನೇ ಹೇಳುತ್ತದೆ. ಹಾಡುವವರಲ್ಲಿ ಎಷ್ಟು ಮಂದಿ ತಾವೇ ಹಾಡು ಕಟ್ಟುತ್ತಾರೆ? ಇವೆಲ್ಲ ಸರಿಯಾದರೆ ಬರೆದುಕೊಟ್ಟ ಭಾಷಣವೇಕೆ ತಪ್ಪು?

ಪ್ರಶ್ನೆ ಗಟ್ಟಿಯಾದುದೇ. ಉತ್ತರಕ್ಕೆ ನಾವು ದೂರ ಹೋಗಬೇಕಾಗಿಲ್ಲ, ಪಕ್ಕದ ತಾಲ್ಲೂಕಿಗೆ ಹೋದರೆ ಸಾಕು. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿ, ಅದನ್ನು ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ನಮ್ಮ ಜಿಲ್ಲೆಯ ಹೆಮ್ಮೆ. ಡಾ. ರಾಜ್‌ಕುಮಾರ್ ಬಾಲಕರಾಗಿದ್ದಾಗ ತಮ್ಮ ತಂದೆಯೊಡನೆ ಆ ಕಂಪನಿಯಲ್ಲಿದ್ದರು. ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತುಹೋದ ಆ ಮಹನೀಯರ ಕನ್ನಡದ ಉಚ್ಚಾರಣೆಯನ್ನು ವಿದ್ವಾಂಸರೂ ತಲೆದೂಗಿ ಕೇಳಿದರೆಂದರೆ ಅದಕ್ಕೆ ಕಾರಣ ರಂಗದ ಮೇಲಿನ ಕಂಠಪಾಠ. ಪರರ ಮಾತನ್ನು ಬಾಯಿಗೆ ತಂದುಕೊಂಡೇ ನಾಲಗೆ ಹದಗೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನವೂ ಹಾಗೆಯೇ. ಅಕ್ಷರ ಬಾರದ ರೈತರು ರಾತ್ರಿಯಿಡೀ ಮುಖವೀಣೆ, ಮದ್ದಲೆಯ ಜೊತೆ ಪ್ರಸಂಗಗಳನ್ನು ನಡೆಸಿಕೊಡುತ್ತಿದ್ದರು. (ಇಂದು ಶಾಲಾ ವಾರ್ಷಿಕೋತ್ಸವಗಳಲ್ಲಿ ಮೂಡಲಪಾಯದ ಒಂದು ತುಣುಕು ಕಾಣುವುದು ಅಪರೂಪ. ಸಿನಿಮಾ ಹಾಡಿಗೆ ಕುಣಿಯುವ ಹನ್ನೆರಡು ತಂಡಗಳಂತೂ ಖಚಿತ. ಅದರ ಮಾತು ಇನ್ನೊಮ್ಮೆ.)

ಆದರೆ ಪಾತ್ರಧಾರಿ ಬಣ್ಣ ಹಚ್ಚಿಕೊಂಡು ಬರುತ್ತಾನೆ. ಅವನು ದುರ್ಯೋಧನನಲ್ಲವೆಂಬುದು ನೋಡುವವರಿಗೆಲ್ಲ ತಿಳಿದಿದೆ. ಕಂಠಪಾಠ ಮಾಡುವ ಮಗು ಮೊದಲು ಕವಿಯ ಹೆಸರನ್ನು ಹೇಳುತ್ತದೆ. ಇಲ್ಲಿ ಸಾಲವಿದೆ, ಸಾಲವೆಂದು ಒಪ್ಪಿಕೊಂಡೂ ಇದೆ. ಭಾಷಣದಲ್ಲಿ ಹಾಗಲ್ಲ. ಮಗು ತನ್ನ ಹೆಸರು ಹೇಳಿ, ತನ್ನ ತರಗತಿ ಹೇಳಿ, ನನ್ನ ಅನಿಸಿಕೆಗಳನ್ನು ಮಂಡಿಸುತ್ತೇನೆ ಎಂದು ಆರಂಭಿಸುತ್ತದೆ. ಆ ಅನಿಸಿಕೆ ಅದರದಲ್ಲ. ಹದಿಮೂರು ವರ್ಷದ ಮಗುವಿಗೆ ನಾವು ಕಲಿಸುತ್ತಿರುವುದು ಏನೆಂದರೆ, ನಾನು ಎಂಬ ಪದವನ್ನು ಹಾಕಿಕೊಂಡು ನನ್ನದಲ್ಲದ್ದನ್ನು ಹೇಳಿದರೆ ಬಹುಮಾನ ಬರುತ್ತದೆ ಎಂಬುದು. ತತ್ತ್ವಶಾಸ್ತ್ರದ ತರಗತಿಗಳಲ್ಲಿ ಸತ್ಯವೆಂದರೇನು ಎಂಬುದರ ಮೇಲೆ ನಾವು ಬಹಳ ಕಾಗದ ಖರ್ಚು ಮಾಡಿದ್ದೇವೆ. ಆದರೆ ಸತ್ಯದ ಮೊದಲ ಪಾಠ ಇಷ್ಟೇ ಎಂದು ತೋರುತ್ತದೆ: ಬಾಯಿಯಲ್ಲಿರುವುದು ಎದೆಯಲ್ಲಿಯೂ ಇರಬೇಕು.

ಅರ್ಥವಾಗದ ಮಾತನ್ನು ಭಕ್ತಿಯಿಂದ ಒಪ್ಪಿಸುವ ಅಭ್ಯಾಸ ನಮ್ಮ ಮನೆಗಳಿಗೆ ಹೊಸದೂ ಅಲ್ಲ. ನಮ್ಮ ಅಜ್ಜ ಅಜ್ಜಿಯರು ಬಲಿಪೂಜೆಯಲ್ಲಿ ಲತೀನ್ ಉತ್ತರಗಳನ್ನು ಬಾಯಿಪಾಠವಾಗಿ ಹೇಳುತ್ತಿದ್ದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ತಿಳಿದು ಹೇಳಿದ ಒಂದು ಮಾತು ತಿಳಿಯದೆ ಹೇಳಿದ ಹತ್ತಕ್ಕಿಂತ ಮಿಗಿಲೆಂಬ ವಿವೇಕ ಅದರ ಹಿಂದಿತ್ತು. ಈಗ ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ಕೊಂಕಣಿಯನ್ನೋ ಆಡುವ ಮಗು ಶಾಲೆಯಲ್ಲಿ ಬಾಯಿಪಾಠದ ಇಂಗ್ಲಿಷ್ ಭಾಷಣ ಒಪ್ಪಿಸಿದಾಗ ತಾಯಿ ಕಣ್ಣೊರೆಸಿಕೊಳ್ಳುತ್ತಾಳೆ. ಆ ಸಂತೋಷವನ್ನು ಕೆಡಿಸುವ ಉದ್ದೇಶ ನಮಗಿಲ್ಲ. ಇಂಗ್ಲಿಷ್ ಬೇಕು, ನಿಜ. ಭಾಷಣ ಮುಗಿದ ಮೇಲೆ ಅದೇ ಭಾಷೆಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿ ನೋಡಿ, ಅಷ್ಟೇ.

ನಮ್ಮ ತೆಂಗಿನ ನಾಡು ಮಾತಿಗೆ ಬಡವಾದ ನಾಡಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಆಗ ಅವರ ವಯಸ್ಸು ಕೇವಲ 27. ಹಳಗನ್ನಡದ ಪಾಂಡಿತ್ಯವೇ ಕನ್ನಡವೆಂದು ತಿಳಿದಿದ್ದ ಕಾಲದಲ್ಲಿ ಜನರಾಡುವ ಹೊಸಗನ್ನಡದಲ್ಲಿ ಬರೆಯಬೇಕು, ಬೇರೆ ಭಾಷೆಗಳಿಂದ ತರಬೇಕು ಎಂಬ ದಿಟ್ಟತನ ಅವರಲ್ಲಿತ್ತು. ಆ ಒಂದು ಉಪನ್ಯಾಸವನ್ನು ಕನ್ನಡ ಸಾಹಿತ್ಯದ ಚರಿತ್ರಕಾರರು ಇಂದಿಗೂ ನೆನೆಯುತ್ತಾರೆ. ಧ್ವನಿಯ ಏರಿಳಿತಕ್ಕಾಗಿ ಅಲ್ಲ. ಯಾರೂ ಬರೆದುಕೊಡಲಾರದ ಮಾತು ಅದರಲ್ಲಿತ್ತು. ಅವರ ಶಿಷ್ಯರಾದ ತೀ.ನಂ. ಶ್ರೀಕಂಠಯ್ಯನವರೂ ನಮ್ಮವರೇ, 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದವರು; ಸಂಸ್ಕೃತದ ಕಾವ್ಯತತ್ತ್ವವನ್ನು ತಿಳಿಗನ್ನಡದಲ್ಲಿ ತಿಳಿಯಹೇಳಿದವರು. ನಮ್ಮ ಎಷ್ಟು ಪ್ರೌಢಶಾಲೆಗಳ ಮಕ್ಕಳಿಗೆ ಈ ಎರಡು ಊರುಗಳು ತಮ್ಮ ಪಕ್ಕದಲ್ಲೇ ಇವೆ ಎಂಬುದು ಗೊತ್ತು? ಭಾಷಣಕ್ಕೆ ಹೆಸರು ಬೇಕಾದಾಗ ಅವರು ಎಲ್ಲೆಲ್ಲಿಂದಲೋ ಹೆಸರು ತರುತ್ತಾರೆ.

ಹಾಗಾದರೆ ಮಗು ಯಾವುದನ್ನು ಕುರಿತು ಮಾತನಾಡಬೇಕು? ತಾನು ಕಂಡದ್ದನ್ನು ಕುರಿತು. ತೆಂಗಿನ ಮನೆಯ ಮಗುವಿಗೆ ತಿಳಿದಿರುವಷ್ಟು ನಮಗೆ ತಿಳಿದಿಲ್ಲ. ಅಟ್ಟದ ಮೇಲೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ಅಲುಗಾಡಿಸಿದರೆ ಕೊಬ್ಬರಿ ಚಿಪ್ಪಿಗೆ ಬಡಿದು ಸದ್ದು ಮಾಡುವವರೆಗೆ ಕಾಯಬೇಕೆಂಬುದು ಅದಕ್ಕೆ ಗೊತ್ತು. ಉಂಡೆ ಒಡೆಯದಂತೆ ಚಿಪ್ಪನ್ನು ಬಿಡಿಸುವ ಕೈಚಳಕವನ್ನು ಅದು ದಿನವೂ ನೋಡುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ರೈತರು ಬೀದಿಗಿಳಿದರು. 2024ರ ಆರಂಭದಲ್ಲಿ ನಾಫೆಡ್ ಖರೀದಿಗೆ ಹೆಸರು ನೋಂದಾಯಿಸಲು ರಾತ್ರಿಯಿಡೀ ಸರದಿಯಲ್ಲಿ ಕಾದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿಯನ್ನೂ ದಾಟಿತು. ಆ ಹೊತ್ತಿಗೆ ಎಷ್ಟು ಮನೆಗಳ ಅಟ್ಟದಲ್ಲಿ ಮಾರಲು ಕೊಬ್ಬರಿ ಉಳಿದಿತ್ತು? ಅಪ್ಪ ಮಾರಿದ ದಿನ, ಸಾಲ ತೀರಿಸಿದ ದಿನ, ತೀರಿಸಲಾಗದ ದಿನ ಮಕ್ಕಳು ಮನೆಯಲ್ಲೇ ಇದ್ದರು. ಅವರು ಕೇಳಿಸಿಕೊಂಡಿದ್ದಾರೆ. ಇದಕ್ಕಿಂತ ಒಳ್ಳೆಯ ಭಾಷಣದ ವಿಷಯ ಯಾವುದಿದೆ?

ಭಾಷಣ ಬರೆದುಕೊಡಿ ಎಂದು ಬಂದವರಿಗೆ ನಾವು ಸಾಮಾನ್ಯವಾಗಿ ಹೇಳುವುದು ಇಷ್ಟು. ಮಗುವನ್ನು ಕೂರಿಸಿಕೊಂಡು ವಿಷಯದ ಮೇಲೆ ಐದು ಪ್ರಶ್ನೆ ಕೇಳಿ. ಅದು ಹೇಳಿದ್ದನ್ನು ಅದರ ಮಾತಿನಲ್ಲೇ, ಅದರ ಕೈಯಿಂದಲೇ ಬರೆಸಿ. ತಪ್ಪು ಕಾಗುಣಿತ ತಿದ್ದಿ, ತಪ್ಪು ಸಂಗತಿ ತಿದ್ದಿ, ಅಭಿಪ್ರಾಯವನ್ನು ತಿದ್ದಬೇಡಿ. ಅದು ಮೂರು ನಿಮಿಷ ತುಂಬದಿದ್ದರೆ ಒಂದೂವರೆ ನಿಮಿಷವೇ ಆಗಲಿ. ಅಜ್ಜನನ್ನು ಕೇಳಿ ಬರಲು ಕಳುಹಿಸಿ, ಗ್ರಂಥಾಲಯಕ್ಕೆ ಕಳುಹಿಸಿ. ಮೊಬೈಲಿನಲ್ಲಿ ಹುಡುಕಿದರೂ ಚಿಂತೆಯಿಲ್ಲ, ಅಲ್ಲಿ ಕಂಡದ್ದನ್ನು ಮುಚ್ಚಿಟ್ಟು ತನ್ನ ಮಾತಿನಲ್ಲಿ ಹೇಳುವಂತಾಗಲಿ. ಹೀಗೆ ಮಾಡಿದ ಮಕ್ಕಳಿಗೆ ಬಹುಮಾನ ಬರುತ್ತದೆಂದು ನಾವು ಭರವಸೆ ಕೊಡಲಾರೆವು. ಬಹುಶಃ ಬರುವುದಿಲ್ಲ. ತಡವರಿಸುವ ಸ್ವಂತ ಮಾತಿಗಿಂತ ನಿರರ್ಗಳವಾದ ಸಾಲದ ಮಾತಿಗೆ ಅಂಕ ಹೆಚ್ಚು ಬೀಳುವ ಕಾಲವಿದು. ಈ ವಿಷಯದಲ್ಲಿ ಶಿಕ್ಷಕರೊಡನೆ ನಮಗೆ ಜಗಳವಿಲ್ಲ. ತಮ್ಮ ಶಾಲೆಗೆ ಬಹುಮಾನ ಬರಲೆಂಬ ಒತ್ತಡ ಅವರ ಮೇಲೆಯೂ ಇದೆ. ಆದರೆ ಭಾಷಣದ ಕೊನೆಯಲ್ಲಿ ತೀರ್ಪುಗಾರರು ಒಂದೇ ಒಂದು ಪ್ರಶ್ನೆ ಕೇಳುವ ಪದ್ಧತಿಯನ್ನು ಶಾಲೆಗಳು ತಮ್ಮ ಮಟ್ಟದಲ್ಲಾದರೂ ತರಬಹುದು. ಖರ್ಚಿಲ್ಲದ ಸುಧಾರಣೆ. ಆಶುಭಾಷಣಕ್ಕೆ ನಮ್ಮ ಶಾಲೆಗಳು ಕೊಡುವ ಮಹತ್ವ ಸಾಲದು. ವಿಷಯ ಆ ಗಳಿಗೆಗೆ ಸಿಗುವುದರಿಂದ ಅಲ್ಲಿ ಅಪ್ಪ ಬರೆದುಕೊಡುವಂತಿಲ್ಲ.

ಚರ್ಚಾ ಸ್ಪರ್ಧೆಯ ಬಗೆಗೂ ಎರಡು ಮಾತು. ಪರ ಮೂರು ನಿಮಿಷ, ವಿರೋಧ ಮೂರು ನಿಮಿಷ. ಪರದವನು ವಿರೋಧದವಳ ಮಾತನ್ನು ಕೇಳುವುದಿಲ್ಲ, ಅವಳು ಇವನ ಮಾತನ್ನು ಕೇಳುವುದಿಲ್ಲ; ಇಬ್ಬರೂ ಮನೆಯಿಂದ ತಂದುದನ್ನು ಒಪ್ಪಿಸಿ ಇಳಿಯುತ್ತಾರೆ. ಇದು ಚರ್ಚೆಯಲ್ಲ, ಬೆನ್ನಿಗೆ ಬೆನ್ನು ಮಾಡಿ ನಿಂತ ಎರಡು ಭಾಷಣ. ಹದಿಮೂರನೆಯ ಶತಮಾನದ ಪ್ಯಾರಿಸ್ ವಿಶ್ವವಿದ್ಯಾನಿಲಯದಲ್ಲಿ ವಾದಗೋಷ್ಠಿ ಶಿಕ್ಷಣದ ಜೀವಾಳವಾಗಿತ್ತು. ಅಲ್ಲಿ ಪಾಠ ಹೇಳಿದ ಸಂತ ಥಾಮಸ್ ಅಕ್ವಿನಾಸರ ಮಹಾಗ್ರಂಥವನ್ನು ತೆರೆದರೆ ಪ್ರತಿಯೊಂದು ಪ್ರಶ್ನೆಯಲ್ಲೂ ಮೊದಲು ಕಾಣುವುದು ಅವರ ಅಭಿಪ್ರಾಯವಲ್ಲ, ಎದುರಾಳಿಯ ವಾದ. ಅದನ್ನು ಅವರು ಎಷ್ಟು ಸಮರ್ಥವಾಗಿ ಮಂಡಿಸುತ್ತಾರೆಂದರೆ ಎದುರಾಳಿ ತಾನೇ ಅಷ್ಟು ಚೆನ್ನಾಗಿ ಹೇಳಲಾರ. ದೇವರಿಲ್ಲ ಎಂಬ ವಾದವನ್ನೂ ಅವರು ಹೀಗೆಯೇ ಮೊದಲು ಇಟ್ಟು ಬಳಿಕ ಉತ್ತರಿಸುತ್ತಾರೆ. ಪ್ರೌಢಶಾಲೆಯ ಚರ್ಚೆಯಲ್ಲಿ ಇದರ ಒಂದು ಅಂಶ ಬಂದರೂ ಸಾಕು: ಎದುರಿನವರು ಹೇಳಿದ್ದನ್ನು ಅವರು ಹೌದೆಂದು ತಲೆಯಾಡಿಸುವಂತೆ ಮೊದಲು ಹೇಳು, ಆಮೇಲೆ ಖಂಡಿಸು. ಅದಕ್ಕೆ ಅಂಕ ಕೊಡಿ. ದೂರದರ್ಶನದ ಚರ್ಚೆಗಳಲ್ಲಿ ದೊಡ್ಡವರು ಕೂಗಾಡುವುದನ್ನು ಪ್ರತಿ ಸಂಜೆ ನೋಡುವ ಮಕ್ಕಳಿಗೆ ಇದನ್ನು ಬೇರೆಲ್ಲಿ ಕಲಿಸುವುದು?

ಇದೇ ಥಾಮಸರನ್ನು ಸಹಪಾಠಿಗಳು ಮೂಕ ಎತ್ತು ಎಂದು ಹೀಯಾಳಿಸುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದ ದಪ್ಪ ಹುಡುಗ. ಅವರ ಗುರುಗಳಾದ ಆಲ್ಬರ್ಟರು ಮಾತ್ರ ಈ ಎತ್ತಿನ ಧ್ವನಿ ಒಂದು ದಿನ ಲೋಕಕ್ಕೆಲ್ಲ ಕೇಳಿಸುವುದೆಂದು ಹೇಳಿದರಂತೆ. ನಮ್ಮ ಶಾಲೆಗಳಲ್ಲಿ ಹೀಗೆ ಸುಮ್ಮನೆ ಕುಳಿತ ಮಕ್ಕಳ ಗತಿಯೇನು? ಪ್ರತಿ ಶಾಲೆಯಲ್ಲೂ ಭಾಷಣಕ್ಕೆಂದೇ ಒಬ್ಬಳು, ಹಾಡಿಗೆಂದೇ ಒಬ್ಬ ಇರುತ್ತಾರೆ. ಎಂಟನೆಯ ತರಗತಿಯಿಂದ ಹತ್ತರವರೆಗೆ ಅವರದೇ ಹೆಸರು. ಉಳಿದವರ ಪಾಲಿಗೆ ಬರುವುದು ಚಪ್ಪಾಳೆ ತಟ್ಟುವ ಕೆಲಸ, ಕುರ್ಚಿ ಜೋಡಿಸುವ ಕೆಲಸ. ಗೆಲ್ಲುವವರನ್ನೇ ಕಳುಹಿಸಬೇಕೆಂಬುದು ಸ್ಪರ್ಧೆಯ ನ್ಯಾಯ, ಅದನ್ನು ಒಪ್ಪೋಣ. ಶಾಲೆಗೆ ಬೇರೊಂದು ನ್ಯಾಯವೂ ಇರಬೇಕು. ತನ್ನ ನಾಲಗೆ ಮಂದವೆಂದು ಹಿಂಜರಿದ ಮೋಶೆಯ ಕಥೆಯನ್ನು ನಾವು ಧರ್ಮೋಪದೇಶದಲ್ಲಿ ಹೇಳುತ್ತೇವೆ. ತರಗತಿಯ ಮೋಶೆಯನ್ನು ಹಿಂದಿನ ಬೆಂಚಿನಲ್ಲೇ ಬಿಡುತ್ತೇವೆ. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ದಿನಕ್ಕೊಬ್ಬ ಮಗು ಒಂದು ನಿಮಿಷ ಮಾತನಾಡಿದರೆ ನಲವತ್ತು ಮಕ್ಕಳ ತರಗತಿಗೆ ಎರಡು ತಿಂಗಳು ಸಾಕು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇವೆಂದರೆ, ಮಾತು ಬೇಕಾಗುವುದು ಬಹುಮಾನಕ್ಕಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸುವ ಪದ್ಧತಿಯೊಂದಿದೆ. ಮಕ್ಕಳ ಅಭಿಪ್ರಾಯವನ್ನು ಆಲಿಸಬೇಕೆಂಬ ವಿಶ್ವಸಂಸ್ಥೆಯ 1989ರ ಒಡಂಬಡಿಕೆಗೆ ಭಾರತ 1992ರಲ್ಲಿ ಸಮ್ಮತಿಸಿದ್ದು ಇದರ ಹಿನ್ನೆಲೆಯಲ್ಲಿದೆ. ಅಲ್ಲಿ ಅಧಿಕಾರಿಗಳ ಎದುರು ಮಕ್ಕಳು ನಿಂತು ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಶಾಲೆಯ ಗೋಡೆ ಸೋರುತ್ತದೆ ಎಂದು ಹೇಳಬಹುದು. ಎಷ್ಟೋ ಕಡೆ ಆ ಸಭೆಯೂ ಶಾಸ್ತ್ರಕ್ಕೆ ನಡೆಯುತ್ತದೆಂಬುದು ಬೇರೆ ಮಾತು. ಆದರೂ ಅಲ್ಲಿ ಎದ್ದು ನಿಂತ ಹುಡುಗಿಗೆ ಶ್ಲೋಕ ಬೇಡ, ಸುಭಾಷಿತ ಬೇಡ. ಬಸ್ಸು ಎಷ್ಟು ಗಂಟೆಗೆ ಬರಬೇಕಿತ್ತು, ಎಷ್ಟು ಗಂಟೆಗೆ ಬಂತು ಎಂಬುದು ಬೇಕು. ಪರಿಸರದ ಮೇಲೆ ಮೂರು ನಿಮಿಷ ಕಂಠಪಾಠ ಮಾಡಿ ಪ್ರಥಮ ಬಹುಮಾನ ಪಡೆದವಳು ಅಲ್ಲಿ ಬಾಯಿ ಬಿಡದಿದ್ದರೆ ಆ ಬಹುಮಾನಕ್ಕೆ ಏನರ್ಥ?

ಪಂಚಾಯಿತಿಯ ಮಾತಿರಲಿ, ಮನೆಯ ಮಾತಿಗೆ ಬರೋಣ. ನಾವು ಬಲ್ಲ ಒಂದು ಮನೆಯ ಪಡಸಾಲೆಯಲ್ಲಿ ಮಗಳ ಭಾಷಣದ ಪ್ರಶಸ್ತಿಪತ್ರಗಳನ್ನು ಚೌಕಟ್ಟು ಹಾಕಿಸಿ ಸಾಲಾಗಿ ತೂಗುಹಾಕಿದ್ದಾರೆ. ಬಂದವರಿಗೆಲ್ಲ ತಂದೆ ಅವನ್ನು ತೋರಿಸುತ್ತಾರೆ. ಹತ್ತನೆಯ ತರಗತಿ ಮುಗಿದಾಗ ಆ ಹುಡುಗಿಗೆ ಕಲಾ ವಿಭಾಗಕ್ಕೆ ಸೇರಿ ಕನ್ನಡ ಓದಬೇಕೆಂಬ ಆಸೆಯಿತ್ತು. ಸೇರಿದ್ದು ವಿಜ್ಞಾನಕ್ಕೆ. ನೀನೇನು ಹೇಳುತ್ತೀಯಮ್ಮಾ ಎಂದು ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅವಳ ತಾಯಿ ಇದನ್ನು ನಮಗೆ ಹೇಳಿದ್ದು ಒಂದು ವರ್ಷ ಕಳೆದ ಮೇಲೆ. ಸಾವಿರ ಜನರ ಮುಂದೆ ಅಳುಕದೆ ಮಾತನಾಡಿದ ಮಗಳು ಅಪ್ಪನ ಮುಂದೆ ಏಕೆ ಆಡಲಿಲ್ಲವೆಂದು ಆಕೆಗೆ ಅಚ್ಚರಿ. ನಮಗೆ ಅಚ್ಚರಿಯಾಗಲಿಲ್ಲ. ವೇದಿಕೆಯ ಮೇಲೆ ಅವಳು ಆಡಿದ ಪ್ರತಿಯೊಂದು ಮಾತನ್ನೂ ಬರೆದುಕೊಟ್ಟವರು ಆ ಅಪ್ಪನೇ. ತನ್ನ ಮಾತನ್ನು ಆಡುವ ಅಭ್ಯಾಸ ಅವಳಿಗೆ ಎಂದೂ ಬಿದ್ದಿರಲಿಲ್ಲ. ಪ್ರೀತಿಯ ತಂದೆಯೇ, ಮಗಳಿಗಾಗಿ ರಾತ್ರಿ ಕುಳಿತು ಬರೆದವರು. ಆ ಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಸಮಸ್ಯೆ ತದ್ವಿರುದ್ಧವಾದದ್ದು. ಒಂಬತ್ತನೆಯ ತರಗತಿ ಮುಗಿಯುತ್ತಲೇ ಎಸ್ಸೆಸ್ಸೆಲ್ಸಿಯ 625 ಅಂಕಗಳ ಭೂತ ಮನೆಯೊಳಗೆ ಬರುತ್ತದೆ. ಹಾಡು ನಿಂತಿತು, ನಾಟಕ ನಿಂತಿತು, ಚಿತ್ರ ನಿಂತಿತು. ಬೆಳಗ್ಗೆ ಟ್ಯೂಷನ್, ಸಂಜೆ ಟ್ಯೂಷನ್. ವಾರಕ್ಕೆ ಎರಡು ಗಂಟೆ ನಾಟಕದ ತಾಲೀಮಿಗೆ ಹೋದ ಮಗು ಗಣಿತದಲ್ಲಿ ಹಿಂದೆ ಬಿದ್ದುದಕ್ಕೆ ಸಾಕ್ಷ್ಯ ತೋರಿಸಿದವರನ್ನು ನಾವು ಕಂಡಿಲ್ಲ. 1941ರಲ್ಲಿ ನಾತ್ಸಿಗಳ ಆಕ್ರಮಣಕ್ಕೊಳಗಾಗಿದ್ದ ಪೋಲೆಂಡಿನಲ್ಲಿ ಕೆಲವು ತರುಣರು ಮನೆಗಳಲ್ಲಿ ಗುಟ್ಟಾಗಿ ಸೇರಿ ತಮ್ಮ ಭಾಷೆಯ ನಾಟಕಗಳನ್ನು ಆಡುತ್ತಿದ್ದರು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಅಪಾಯ. ಪರದೆಯಿಲ್ಲ, ಉಡುಪಿಲ್ಲ, ಮಾತೊಂದೇ ಬಂಡವಾಳ. ಹಗಲಿನಲ್ಲಿ ಕೂಲಿಯಾಗಿ ದುಡಿಯುತ್ತಿದ್ದ ಅವರಲ್ಲೊಬ್ಬರು 1978ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರಾದರು. 1999ರಲ್ಲಿ ಅವರು ಲೋಕದ ಕಲಾವಿದರಿಗೆಲ್ಲ ಒಂದು ಪತ್ರ ಬರೆದರು. ಕಲೆ ಓದಿಗೆ ಅಡ್ಡಿಯೆನ್ನುವವರು ಅದನ್ನು ಒಮ್ಮೆ ಓದಬಹುದು.

ನಮ್ಮ ಸೀಮೆಯಲ್ಲಿ ಕಥೋಲಿಕ ಕುಟುಂಬಗಳು ಕೆಲವೇ ಇವೆ. ಆದ್ದರಿಂದ ಒಂದು ಕೆಲಸ ನಮಗೆ ಸುಲಭ. ಈ ವರ್ಷ ಪ್ರೌಢಶಾಲೆಯಲ್ಲಿ ಓದುತ್ತಿರುವ ಪ್ರತಿಯೊಂದು ಮಗುವೂ ಭಾನುವಾರದ ಧರ್ಮೋಪದೇಶದ ಬಳಿಕ ಸರದಿಯಂತೆ ಎರಡು ನಿಮಿಷ ಮಾತನಾಡಲಿ ಎಂದು ಕೇಳಿಕೊಂಡಿದ್ದೇವೆ. ವಿಷಯ ಅದರದೇ. ತಂದೆತಾಯಂದಿರು ಬಂದು ಕುಳಿತುಕೊಳ್ಳಬಹುದು. ಚೀಟಿ ತರಬಹುದು, ಆದರೆ ಚೀಟಿಯ ಮೇಲಿನ ಅಕ್ಷರ ಮಗುವಿನದೇ ಆಗಿರಬೇಕು. ಬಹುಮಾನವಿಲ್ಲ. ಮಾತು ಮುಗಿದ ಮೇಲೆ ಮಗುವಿಗಿಂತ ಚಿಕ್ಕವರಿಗೆ ಮಾತ್ರ ಪ್ರಶ್ನೆ ಕೇಳುವ ಹಕ್ಕು. ದೊಡ್ಡವರು ಸುಮ್ಮನಿರತಕ್ಕದ್ದು, ನಾವೂ ಸೇರಿ. ಮೊದಲ ಹೆಸರು ಯಾರದೆಂಬುದನ್ನು ಮುಂದಿನ ಭಾನುವಾರ ಚೀಟಿ ಎತ್ತಿ ನಿರ್ಧರಿಸಲಾಗುವುದು.